ಇನ್ನೊಂದು ವರ್ಷ ಕಾದರೆ ಪಿಎಸ್5 ಬೆಲೆ ಇಳಿಯುತ್ತಾ?

ಪ್ರಶ್ನೆ: ನಾವು ಬೆಂಗಳೂರಿನ ವಿಜಯನಗರದವರು. ಪಿಯುಸಿ ಓದುವ ಮಗ ಪಿಎಸ್5 (ಟಿವಿಗೆ ಜೋಡಿಸಿ ಆಡುವ ಸೋನಿಯ ಗೇಮ್ ಕನ್ಸೋಲ್, ಪ್ಲೇಸ್ಟೇಷನ್ 5) ಬೇಕು ಅಂತ ಒಂದೇ ಸಮನೆ ಕೇಳುತ್ತಿದ್ದಾನೆ. ಸ್ವಲ್ಪ ಕಾದರೆ ಬೆಲೆ ಅರ್ಧಕ್ಕೆ ಬರುತ್ತೆ, ಪಿಎಸ್2 ಕಾಲದಲ್ಲಿ ಹಾಗೇ ಆಗಿತ್ತು ಅಂತ ನನ್ನ ತಮ್ಮ ಹೇಳುತ್ತಾನೆ. ಕಾಯಬೇಕಾ, ಈಗಲೇ ತಗೊಳ್ಳಬೇಕಾ?

ಉತ್ತರ: ನಿಮ್ಮ ತಮ್ಮ ಹೇಳಿದ್ದು ಆ ಕಾಲಕ್ಕೆ ಪೂರ್ತಿ ನಿಜ. 2000ದಲ್ಲಿ ಅಮೆರಿಕದಲ್ಲಿ ಪಿಎಸ್2 ಬಂದಾಗ ಬೆಲೆ 299 ಡಾಲರ್. 2002ರಲ್ಲಿ ಅದು 199 ಆಯಿತು, 2004ರಲ್ಲಿ 149, 2009ರಲ್ಲಿ 99. ಆದರೆ ಈಗ ಆ ಲೆಕ್ಕ ನಂಬಿ ಕೂತರೆ ನಷ್ಟ ನಿಮಗೇ. ಪಿಎಸ್5 ಭಾರತಕ್ಕೆ ಬಂದಿದ್ದು 2021ರ ಫೆಬ್ರವರಿಯಲ್ಲಿ. ಡಿಸ್ಕ್ ಹಾಕುವ ಮಾಡೆಲ್ 49,990 ರೂಪಾಯಿ, ಡಿಸ್ಕ್ ಹಾಕಲಾಗದ ಡಿಜಿಟಲ್ ಮಾಡೆಲ್ 39,990. 2022ರ ನವೆಂಬರಿನಲ್ಲಿ ಎರಡರ ಮೇಲೂ 5,000 ಏರಿತು. 2024ರ ಏಪ್ರಿಲ್‌ನಲ್ಲಿ ಗಾತ್ರದಲ್ಲಿ ಚಿಕ್ಕದಾದ ಸ್ಲಿಮ್ ಮಾಡೆಲ್ ಬಂದಾಗಲೂ ಏರಿದ ಬೆಲೆಯೇ ಉಳಿಯಿತು. ಮೂರು ವರ್ಷ ತಾಳ್ಮೆಯಿಂದ ಕಾದವರು ಮೊದಲ ದಿನ ಕೊಂಡವರಿಗಿಂತ ಜಾಸ್ತಿ ದುಡ್ಡು ಕೊಟ್ಟರು.

ಹೀಗೇಕಾಯಿತು ಅಂತ ತಿಳಿಯಲು ಕಂಪನಿಗಳಿಗೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ನೋಡಬೇಕು. ಡಿಟಿಎಚ್ ನೆನಪಿಸಿಕೊಳ್ಳಿ. ಡಿಶ್ಶು, ಬಾಕ್ಸು ಅಗ್ಗಕ್ಕೆ ಕೊಟ್ಟು ತಿಂಗಳು ತಿಂಗಳು ರೀಚಾರ್ಜಿನಲ್ಲಿ ವಸೂಲಿ ಮಾಡುತ್ತಾರೆ, ಅಲ್ವಾ? ಕನ್ಸೋಲಿನ ವ್ಯಾಪಾರವೂ ಬಹುಮಟ್ಟಿಗೆ ಹಾಗೇ. 2021ರಲ್ಲಿ ಆ್ಯಪಲ್ ಮತ್ತು ಗೇಮ್ ಕಂಪನಿ ಎಪಿಕ್ ನಡುವಿನ ಕೇಸಿನಲ್ಲಿ, ಮೈಕ್ರೋಸಾಫ್ಟಿನ ಕನ್ಸೋಲ್ ಆದ ಎಕ್ಸ್‌ಬಾಕ್ಸಿನ ಅಧಿಕಾರಿಯೊಬ್ಬರು, ಕನ್ಸೋಲ್ ಮಾರಿ ನಾವು ಯಾವತ್ತೂ ಲಾಭ ಮಾಡಿಲ್ಲ ಎಂದು ಕೋರ್ಟಿನಲ್ಲೇ ಹೇಳಿದ್ದರು. ಲಾಭ ಇರುವುದು ಆಟಗಳಲ್ಲಿ, ಚಂದಾದಲ್ಲಿ. ಕಂಪನಿಯ ಆನ್‌ಲೈನ್ ಅಂಗಡಿಯಲ್ಲಿ ಬೇರೆಯವರ ಆಟ ಮಾರಾಟವಾದಾಗ ಸಾಮಾನ್ಯವಾಗಿ ನೂರಕ್ಕೆ 30 ಭಾಗ ಕಂಪನಿಗೆ ಹೋಗುತ್ತದೆ. 5,000 ರೂಪಾಯಿಯ ಆಟದಲ್ಲಿ ಸುಮಾರು 1,500.

ಡಿಜಿಟಲ್ ಮಾಡೆಲ್ ಅಗ್ಗ ಇರುವುದಕ್ಕೆ ಡಿಸ್ಕ್ ಡ್ರೈವ್ ಇಲ್ಲದಿರುವುದೊಂದೇ ಕಾರಣವಲ್ಲ. ಸ್ಲಿಮ್ ಮಾಡೆಲಿಗೆ ಡಿಸ್ಕ್ ಡ್ರೈವನ್ನು ಬೇರೆಯಾಗಿ ಕೊಂಡು ಜೋಡಿಸದಿದ್ದರೆ, ಅದನ್ನು ಕೊಂಡವರು ಮುಂದೆ ಪ್ರತಿ ಆಟವನ್ನೂ ಆ ಆನ್‌ಲೈನ್ ಅಂಗಡಿಯಲ್ಲೇ ಕೊಳ್ಳಬೇಕು. ಸೆಕೆಂಡ್ ಹ್ಯಾಂಡ್ ಡಿಸ್ಕ್ ಹಾಕುವ ಹಾಗಿಲ್ಲ, ಆಡಿ ಮುಗಿಸಿದ್ದನ್ನು ಮಾರುವ ಹಾಗೂ ಇಲ್ಲ.

ಹಿಂದೆ ಬೆಲೆ ಇಳಿಯುತ್ತಿದ್ದುದಕ್ಕೆ ಎರಡು ಕಾರಣ ಇದ್ದವು. ಮೊದಲನೆಯದು ಚಿಪ್. ಪಿಎಸ್2ನಲ್ಲಿ ಮೊದಲು ಲೆಕ್ಕ ಮಾಡುವುದಕ್ಕೊಂದು, ಚಿತ್ರ ಮೂಡಿಸುವುದಕ್ಕೊಂದು, ಹೀಗೆ ಎರಡು ದೊಡ್ಡ ಚಿಪ್ ಇದ್ದವು. ಕೆಲವೇ ವರ್ಷಗಳಲ್ಲಿ ಎರಡನ್ನೂ ಸೇರಿಸಿ ಒಂದೇ ಸಣ್ಣ ಚಿಪ್ ಮಾಡಿದರು. ಚಿಪ್ ಸಣ್ಣದಾದಷ್ಟೂ ತಯಾರಿಯ ಖರ್ಚು ಕಡಿಮೆ. ಪಿಎಸ್3 ಕೂಡ ಹಾಗೆಯೇ. 2006ರಲ್ಲಿ 599 ಡಾಲರಿನವರೆಗೂ ಇದ್ದ ಅದು 2009ರಲ್ಲಿ ಸ್ಲಿಮ್ ಆಗಿ 299ಕ್ಕೆ ಬಂತು.

ಎರಡನೆಯದು ಪೈಪೋಟಿ. 2002ರ ಮೇನಲ್ಲಿ ಸೋನಿ ಪಿಎಸ್2 ಬೆಲೆಯನ್ನು 199ಕ್ಕೆ ಇಳಿಸಿತು. ಮರುದಿನವೇ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸನ್ನೂ 199ಕ್ಕೆ ಇಳಿಸಿತು. ಆ ದಿನಗಳಲ್ಲಿ ಸುಮ್ಮನೆ ಕೂರುವ ಧೈರ್ಯ ಯಾರಿಗೂ ಇರಲಿಲ್ಲ.

ಹಾಗಂತ ಬೆಲೆ ಇಳಿಸುವುದು ಸುಲಭದ ಕೆಲಸವಲ್ಲ. ಜಪಾನಿನ ನಿಂಟೆಂಡೋ ಕಂಪನಿಯ, ಕೈಯಲ್ಲಿ ಹಿಡಿದು ಆಡುವ 3ಡಿಎಸ್ ಕನ್ಸೋಲಿನ ಕಥೆ ಕೇಳಿ. 2011ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ 249.99 ಡಾಲರಿಗೆ ಬಂತು. ಮಾರಾಟ ಮಂಕಾಯಿತು. ಆಗಸ್ಟ್‌ನಲ್ಲೇ 169.99ಕ್ಕೆ ಇಳಿಸಬೇಕಾಯಿತು. ಆರು ತಿಂಗಳೂ ತುಂಬಿರಲಿಲ್ಲ. ಮೊದಲೇ ಕೊಂಡವರಿಗೆ ಸಿಟ್ಟು ಬರದೆ ಇರುತ್ತದಾ? ಅವರಿಗೆ 20 ಹಳೆಯ ಆಟಗಳನ್ನು ಉಚಿತವಾಗಿ ಕೊಟ್ಟರು. ಕಂಪನಿಯ ಅಧ್ಯಕ್ಷ ಸಟೋರು ಇವಾಟಾ ತಮ್ಮ ಸಂಬಳವನ್ನು ಅರ್ಧಕ್ಕೆ ಇಳಿಸಿಕೊಂಡರು. ಅದು ನನಗೆ ಇವತ್ತಿಗೂ ಗೌರವ ಹುಟ್ಟಿಸುವ ನಡೆ. ಮುಂದೆ 3ಡಿಎಸ್ 7.5 ಕೋಟಿಗಿಂತ ಜಾಸ್ತಿ ಮಾರಾಟವಾಯಿತು. ಆದರೆ ಬೇಗ ಬೆಲೆ ಇಳಿಸಿದರೆ ಗಿರಾಕಿಗಳು ಮುಂದಿನ ಸಲವೂ ಕಾಯುವುದನ್ನೇ ಕಲಿಯುತ್ತಾರೆ. ಆ ಭಯ ಎಲ್ಲ ಕಂಪನಿಗಳಿಗೂ ಇದೆ.

ಈಗ ಆ ಎರಡೂ ಕಾರಣಗಳ ಬಲ ಕುಗ್ಗಿದೆ. ಚಿಪ್ಪನ್ನು ಇನ್ನೂ ಸಣ್ಣದು ಮಾಡಬಹುದು, ಆದರೆ ಹಾಗೆ ಮಾಡುವ ಖರ್ಚೇ ವಿಪರೀತ ಏರಿದೆ. ಸಣ್ಣದಾದರೆ ಅಗ್ಗ ಅನ್ನುವ ಕಾಲ ಹೋಯಿತು. 2023ರಲ್ಲಿ ಅಮೆರಿಕದಲ್ಲಿ ಪಿಎಸ್5 ಸ್ಲಿಮ್ ಬಂದಾಗ ಡಿಜಿಟಲ್ ಮಾಡೆಲಿನ ಬೆಲೆ 399ರಿಂದ 449 ಡಾಲರಿಗೆ ಏರಿತು. ಪಿಎಸ್3 ಕಾಲಕ್ಕೆ ಪೂರ್ತಿ ಉಲ್ಟಾ. 2025ರಲ್ಲಿ ಅಲ್ಲಿ ಎಕ್ಸ್‌ಬಾಕ್ಸ್, ಪಿಎಸ್5, ನಿಂಟೆಂಡೋದ ಹಳೆಯ ಸ್ವಿಚ್ ಕನ್ಸೋಲ್ ಮೂರರ ಬೆಲೆಯೂ ಏರಿತು. ಅದೇ ವರ್ಷದ ಕೊನೆಗೆ ಎಐ ಸರ್ವರ್‌ಗಳ ಬೇಡಿಕೆಯಿಂದ ಮೆಮೊರಿ ಚಿಪ್ಪುಗಳೂ ದುಬಾರಿಯಾದವು. ಕನ್ಸೋಲಿನೊಳಗೆ ಮೆಮೊರಿಯ ಖರ್ಚು ಸಣ್ಣದೇನಲ್ಲ.

ನಮಗೆ ಇದರ ಮೇಲೆ ರೂಪಾಯಿಯ ಪೆಟ್ಟೂ ಇದೆ. ಪಿಎಸ್5 ಇಲ್ಲಿಗೆ ಬಂದಾಗ ಡಾಲರಿಗೆ ಸುಮಾರು 73 ರೂಪಾಯಿ ಇತ್ತು. 2025ರ ಡಿಸೆಂಬರಿನಲ್ಲಿ 90 ದಾಟಿತು. ಇಲ್ಲಿನ ಬೆಲೆಯಲ್ಲಿ 18% ಜಿಎಸ್‌ಟಿ, ಆಮದು ಸುಂಕ ಎಲ್ಲ ಸೇರಿರುತ್ತದೆ. ಅಮೆರಿಕದ ಬೆಲೆಯಲ್ಲಿ ಅಲ್ಲಿನ ಮಾರಾಟ ತೆರಿಗೆ ಸೇರಿರುವುದಿಲ್ಲ. ಅಲ್ಲಿರುವ ನೆಂಟರು ತಮ್ಮ ಊರಿನ ಬೆಲೆ ಹೇಳಿದಾಗ ಇದನ್ನು ಮರೆಯಬೇಡಿ.

ಹಾಗಾದರೆ ಏನು ಮಾಡಬೇಕು? ಶಾಶ್ವತವಾಗಿ ಬೆಲೆ ಇಳಿಯಲಿ ಅಂತ ವರ್ಷಗಟ್ಟಲೆ ಕಾಯಬೇಡಿ. ಕೆಲವು ವಾರಗಳ ಆಫರ್ ಇದೆಯಲ್ಲ, ಅದಕ್ಕೆ ಕಾಯಿರಿ. 2023ರ ಜುಲೈನಲ್ಲಿ ಸೋನಿ ಇಲ್ಲಿ 54,990ರ ಪಿಎಸ್5 ಮೇಲೆ 7,500 ರೂಪಾಯಿ ಕಡಿಮೆ ಮಾಡಿತ್ತು. ಆಮೇಲೆ ಬೆಲೆ ಮೊದಲಿನಂತೆಯೇ ಆಯಿತು. ಈಗ ರಿಯಾಯಿತಿ ಸಿಗುವುದು ಹೀಗೆಯೇ. ಎಂಆರ್‌ಪಿ ಮುಟ್ಟುವುದಿಲ್ಲ, ಸ್ವಲ್ಪ ದಿನ ಬಾಗಿಲು ತೆರೆದು ಮತ್ತೆ ಮುಚ್ಚುತ್ತಾರೆ. ದಸರಾ, ದೀಪಾವಳಿಯ ಆಸುಪಾಸಿನಲ್ಲಿ ಬ್ಯಾಂಕ್ ಕಾರ್ಡಿನ ಆಫರ್‌ಗಳನ್ನೂ ನೋಡಿ. ಹಬ್ಬ ಹತ್ತಿರ ಇದ್ದರೆ ಅಷ್ಟು ದಿನ ತಡೆಯಿರಿ, ದೂರ ಇದ್ದರೆ ಬೇಡ.

ಪಿಯುಸಿ ಹುಡುಗನ ಕೈಯಲ್ಲಿ ಇರುವ ಪಾಕೆಟ್ ಮನಿ ನೋಡಿದರೆ ನಾನು ಡಿಸ್ಕ್ ಮಾಡೆಲನ್ನೇ ಹೇಳುತ್ತೇನೆ. ಮೊದಲಿಗೆ ಜಾಸ್ತಿ ಕೊಟ್ಟ ದುಡ್ಡು ಸೆಕೆಂಡ್ ಹ್ಯಾಂಡ್ ಡಿಸ್ಕ್ ಕೊಂಡು, ಗೆಳೆಯರ ಜೊತೆ ಬದಲಾಯಿಸಿಕೊಂಡು ಬೇಗ ವಾಪಸ್ ಬರುತ್ತದೆ. ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ ಸುತ್ತಿ ಬರುವುದರಲ್ಲಿ ತಪ್ಪಿಲ್ಲ. ಆದರೆ ಹೊಸ ಕನ್ಸೋಲನ್ನು ಬಿಲ್ ಇಲ್ಲದೆ, ಎರಡು ಸಾವಿರ ಕಡಿಮೆ ಅಂತ ಎಲ್ಲೂ ತಗೊಳ್ಳಬೇಡಿ. ಹೊರದೇಶದಿಂದ ತಂದ ಸೆಟ್ಟಿಗೆ ಇಲ್ಲಿ ವಾರಂಟಿ ಸಿಗುವುದು ಕಷ್ಟ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ಪೆಟ್ಟಿಗೆಯ ಮೇಲಿನ ನಂಬರಿಗೆ ತಾಳೆ ನೋಡಿ, ಆಮೇಲೆ ದುಡ್ಡು ಕೊಡಿ.