ಪಾತ್ರ ಒಗ್ಗದಿದ್ರೆ ನಟಿಯನ್ನು ಬೈಬೇಡಿ

"ಮಾಸ್ಟ್ರೇ, ಇವಳಿಗೆ ಯಾವ ಪಾತ್ರ ಕೊಟ್ಟರೂ ಮಾಡ್ತಾಳೆ." ಉಡುಪಿಯಲ್ಲಿ ನಾಟಕ ಕಲಿಸಲು ಶುರು ಮಾಡಿದಂದಿನಿಂದ ತಂದೆತಾಯಂದಿರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಯಾವ ಪಾತ್ರ ಕೊಟ್ಟರೂ ಮಾಡುವವರು ಯಾರೂ ಇಲ್ಲ ಮಾರಾಯ್ರೇ. ಹಾಲಿವುಡ್ ನಟಿ ಆಡ್ರೆ ಹೆಪ್‌ಬರ್ನ್‌ಗೂ ಆಗಲಿಲ್ಲ.

1959ರ 'ಗ್ರೀನ್ ಮ್ಯಾನ್ಶನ್ಸ್' ನೋಡಿ. ಆ ಹೊತ್ತಿಗೆ ಆಕೆ ಆಸ್ಕರ್ ಗೆದ್ದಾಗಿತ್ತು. ನಿರ್ದೇಶಕ ಆಕೆಯ ಗಂಡ ಮೆಲ್ ಫೆರರ್. ಮೂವತ್ತರ ಹತ್ತಿರದಲ್ಲಿ ಸಿಕ್ಕಿದ ಪಾತ್ರ ರೀಮಾ, ದಕ್ಷಿಣ ಅಮೆರಿಕದ ಕಾಡಿನ ಹುಡುಗಿ. ಸಿನಿಮಾದಲ್ಲಿ ರೀಮಾಳ ಜೊತೆಗಿರುವ ಜಿಂಕೆಮರಿ ತನಗೆ ಹೊಂದಿಕೊಳ್ಳಲಿ ಅಂತ ಅದನ್ನು ಮನೆಗೇ ತಂದು ಸಾಕಿದ್ದರು. ಅಷ್ಟು ಶ್ರದ್ಧೆ! ಆದರೂ ಸಿನಿಮಾ ಓಡಲಿಲ್ಲ. ನನಗಂತೂ ನೋಡುವಾಗ ಆಕಳಿಕೆ ಬಂತು.

ಕ್ಲಾಸಲ್ಲಿ ತೋರಿಸಿದರೆ ಮಕ್ಕಳು ಹೇಳುವುದು ಒಂದೇ, "ಆಕ್ಟಿಂಗ್ ಸರಿ ಇಲ್ಲ ಸರ್." ಇಲ್ಲೇ ಎಡವುವುದು. ಆಕ್ಟಿಂಗ್ ಬಾರದಿರುವುದು ಬೇರೆ, ಪಾತ್ರ ಒಗ್ಗದಿರುವುದು ಬೇರೆ. ಅದೇ ವರ್ಷ ಬಂದ 'ದಿ ನನ್ಸ್ ಸ್ಟೋರಿ'ಗೆ ಅದೇ ನಟಿ ಆಸ್ಕರ್‌ಗೆ ನಾಮನಿರ್ದೇಶನಗೊಂಡರು. ಅಲ್ಲಿ ಆಕೆಯದು ಕ್ರೈಸ್ತ ಸನ್ಯಾಸಿನಿಯ ಪಾತ್ರ. ಸಿಸ್ಟರ್‌ಗಳ ನಿಲುವಂಗಿ ಮೈಯೆಲ್ಲ ಮುಚ್ಚಿದೆ, ಕಾಣುವುದು ಮುಖ ಮಾತ್ರ. ಹೇಳಬೇಕು ಅನ್ನಿಸಿದ್ದನ್ನು ನುಂಗಿಕೊಳ್ಳುವ ಹೆಂಗಸು ಅವಳು. ಮಠದ ನಿಯಮ ಒಂದು ಕಡೆ, ತನ್ನ ಮನಸ್ಸು ಇನ್ನೊಂದು ಕಡೆ. ಆ ಕಣ್ಣುಗಳಿಗೆ ಹೇಳಿ ಮಾಡಿಸಿದ ಕೆಲಸ. ರೀಮಾಳಲ್ಲಿ ಅಂಥ ಎಳೆದಾಟವೇ ಇಲ್ಲ, ಅವಳು ಕಾಡು ಕಂಡ ಕನಸಿನ ಹಾಗೆ. ಆ ಬಾಯಿಂದ ಹೆಪ್‌ಬರ್ನ್ ಅವರ ತಿದ್ದಿ ತೀಡಿದ ಇಂಗ್ಲಿಷ್ ಬಂದ ಕೂಡಲೇ ಕಾಡು ಮಾಯ, ಸ್ಟುಡಿಯೋ ಮಾತ್ರ ಉಳಿಯುತ್ತದೆ. ಎಲ್ಲ ತಪ್ಪೂ ಪಾತ್ರದ ಆಯ್ಕೆಯದ್ದೇ ಅಂತ ಹೇಳಲಾರೆ. ಚಿತ್ರಕಥೆಯೂ ಸಪ್ಪೆ.

ನಮ್ಮ ಯಕ್ಷಗಾನದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ತ್ರೀವೇಷದಲ್ಲಿ ಹೆಸರಾದವರಿಗೆ ರಾಕ್ಷಸರ ಬಣ್ಣದ ವೇಷ ಕಟ್ಟಿಸಿ, ಆಮೇಲೆ ಅಬ್ಬರ ಸಾಲದು ಅಂತ ಯಾರಾದರೂ ಬೈತಾರಾ?

ನಾನೇನು ಸಾಚಾ ಅಲ್ಲ. ಒಮ್ಮೆ ತಂಡದ ಮೆಲುದನಿಯ ಹುಡುಗಿಗೆ ಶೂರ್ಪನಖಿ ಕೊಟ್ಟೆ. ಒಳ್ಳೆಯ ನಟಿ ಅಲ್ವಾ, ಇದನ್ನೂ ಮಾಡ್ತಾಳೆ ಅಂತ. ಕಿರುಚಿ ಕಿರುಚಿ ಅವಳ ಗಂಟಲು ಕಟ್ಟಿತು. ಜನ ಅವಳನ್ನೇ ಆಡಿಕೊಂಡರು, ನನಗೆ ಯಾರೂ ಏನೂ ಅನ್ನಲಿಲ್ಲ. ಎರಡು ವರ್ಷ ಅವಳು ರಿಹರ್ಸಲ್ ಕಡೆ ತಲೆ ಹಾಕಲಿಲ್ಲ. ಈಗ ಬರುತ್ತಾಳೆ. ಸ್ಕ್ರಿಪ್ಟ್ ಇಸ್ಕೊಂಡು ಮನೆಗೆ ಹೋಗಿ ಓದುತ್ತಾಳೆ. ಬೇಡ ಅನ್ನಿಸಿದರೆ ಮರುದಿನ ಟೇಬಲ್ ಮೇಲಿಟ್ಟು, "ಇದು ನಂಗಲ್ಲ ಸರ್" ಅಂತ ಹೇಳಿ ಚಹಾ ಮಾಡಲು ಹೋಗುತ್ತಾಳೆ.