ನೂರರ ಜಾಡು ಹಿಡಿದು: ಶತಂ, ಕೆಂತುಮ್, ಹಂಡ್ರೆಡ್

ಮೊದಲು ಈ ಪದಗಳನ್ನು ಬಾಯಿಬಿಟ್ಟು ಓದಿಕೊಳ್ಳಿ. ಸಂಸ್ಕೃತದ ಶತಂ, ಪ್ರಾಚೀನ ಇರಾನಿನ ಅವೆಸ್ತಾದ ಸತೆಮ್, ಲಿಥುವೇನಿಯನ್ನಿನ ಶಿಮ್ತಾಸ್, ರಷ್ಯನ್ನಿನ ಸ್ತೋ, ಲ್ಯಾಟಿನ್ನಿನ ಕೆಂತುಮ್, ಗ್ರೀಕಿನ ಹೆಕತೋನ್, ಗಾಥಿಕ್‌ನ ಹುಂದ್. ಎಲ್ಲಕ್ಕೂ ಅರ್ಥ ನೂರು. ಈ ಭಾಷೆಗಳೆಲ್ಲ ಇಂಡೋ-ಯುರೋಪಿಯನ್ ಎಂಬ ಒಂದೇ ಬಳಗದವು. ಗ್ರೀಕಿನ ‘ಹೆ’ ಮುಂದೆ ಅಂಟಿಕೊಂಡ ‘ಒಂದು’. ಇಂಗ್ಲಿಷ್ ಹಂಡ್ರೆಡ್‌ನ ಬಾಲದಲ್ಲಿರುವ ‘ರೆಡ್’ ಎಣಿಕೆ ಎಂಬರ್ಥದ ಹಳೆಯ ಪದ. ಇವೆರಡನ್ನು ಕಳಚಿಟ್ಟರೆ ಉಳಿಯುವ ತಿರುಳನ್ನು ವಿದ್ವಾಂಸರು *ಕ್ಮ್‌ತೋಮ್ ಎಂದು ಪುನಾರಚಿಸಿದ್ದಾರೆ. ಮುಂದಿನ ನಕ್ಷತ್ರ ಮುಖ್ಯ: ಯಾವ ಶಾಸನದಲ್ಲೂ ಓಲೆಯಲ್ಲೂ ಸಿಕ್ಕದ, ತರ್ಕದಿಂದ ಕಟ್ಟಿದ ರೂಪ ಎಂಬುದಕ್ಕೆ ಅದು ಗುರುತು.

ಶ ಎಲ್ಲಿ, ಕ ಎಲ್ಲಿ, ಹ ಎಲ್ಲಿ? ಒಂದೇ ಪದ ನೋಡಿದರೆ ಈ ಅನುಮಾನ ಸರಿಯೇ. ಆದರೆ ಇದೇ ಹೊಂದಿಕೆ ಬೇರೆ ಪದಗಳಲ್ಲೂ ಬರುತ್ತದೆ. ನಾಯಿಗೆ ಸಂಸ್ಕೃತದಲ್ಲಿ ಶ್ವನ್, ಗ್ರೀಕಿನಲ್ಲಿ ಕ್ಯೂಓನ್, ಇಂಗ್ಲಿಷಿನಲ್ಲಿ ಹೌಂಡ್. ಹತ್ತಕ್ಕೆ ದಶ, ದೆಕಾ, ಗಾಥಿಕ್‌ನಲ್ಲಿ ತೈಹುನ್. ಹಳೆಯ ಕ ಜರ್ಮನಿಕ್ ಭಾಷೆಗಳಲ್ಲಿ (ಇಂಗ್ಲಿಷ್, ಜರ್ಮನ್, ಈಗ ಅಳಿದುಹೋಗಿರುವ ಗಾಥಿಕ್ ಇರುವ ಗುಂಪು) ಹ ಆಗುವುದನ್ನು ಯಾಕೋಬ್ ಗ್ರಿಮ್ 1822ರಲ್ಲಿ ನಿಯಮವಾಗಿ ವಿವರಿಸಿದ. ಮಕ್ಕಳ ಕಥೆಗಳ ಗ್ರಿಮ್ ಸಹೋದರರಲ್ಲಿ ಹಿರಿಯನೇ ಈತ. ಪದಗಳು ಕೇಳಲು ಒಂದೇ ತರ ಇರಬೇಕೆಂದೇನೂ ಇಲ್ಲ, ವ್ಯತ್ಯಾಸ ಒಂದೇ ತರ ಮರುಕಳಿಸಬೇಕು. ಈ ವಿಷಯದಲ್ಲಿ ಬೇರೇನು ಮರೆತರೂ ಇದನ್ನು ಮರೆಯಬೇಡಿ.

ಇನ್ನು ನಡುವಿನ ಮ್. ಸಂಸ್ಕೃತದ ಶತದಲ್ಲಿ ಅನುನಾಸಿಕವೇ ಇಲ್ಲವಲ್ಲ? ಮೂಲದಲ್ಲಿ ಈ ಮ್ ಸ್ವರದ ಕೆಲಸ ಮಾಡುತ್ತಿತ್ತು, ನಮ್ಮ ಋ ಹಾಗೆ. ಇಂಥ ಮ್, ನ್ ಇದ್ದ ಕಡೆ ಸಂಸ್ಕೃತ ಮತ್ತು ಗ್ರೀಕಿನಲ್ಲಿ ಬರಿಯ ಅ ಉಳಿಯಿತು. ಲ್ಯಾಟಿನ್ನಿನಲ್ಲಿ ಎನ್/ಎಮ್, ಜರ್ಮನಿಕ್‌ನಲ್ಲಿ ಉನ್ ಆಯಿತು. ನಿಷೇಧದ ಪೂರ್ವಪ್ರತ್ಯಯದಲ್ಲಿ ಪರೀಕ್ಷಿಸಿ: ಸಂಸ್ಕೃತದ ಅಜ್ಞಾತ, ಗ್ರೀಕಿನ ಅಗ್ನೋಸ್ತೋಸ್, ಇಂಗ್ಲಿಷಿನ ಅನ್‌ನೋನ್. ಅಜ್ಞಾತದ ‘ಅ’ ಮತ್ತು ಇಂಗ್ಲಿಷಿನ ‘ಅನ್’ ಒಂದೇ ಬೇರಿನವು.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಗ್ರಿಮ್ ನಿಯಮದಂತೆ ಹಳೆಯ ತ ಜರ್ಮನಿಕ್‌ನಲ್ಲಿ ಥ (ಇಂಗ್ಲಿಷ್ ‘ಥಿಂಕ್’ ಪದದ ಮೊದಲ ಧ್ವನಿ) ಆಗಬೇಕು. ಆದರೆ ಹುಂದ್‌ನಲ್ಲಿ ದ ಇದೆ. ಗಾಥಿಕ್‌ನಲ್ಲಿ ಸೋದರನಿಗೆ ಬ್ರೋಥರ್, ತಂದೆಗೆ ಫದರ್: ಒಂದರಲ್ಲಿ ಥ, ಇನ್ನೊಂದರಲ್ಲಿ ದ. ಸಂಸ್ಕೃತದ ಭ್ರಾತೃ, ಪಿತೃ ಎರಡರಲ್ಲೂ ತ ಒಂದೇ. ಡೆನ್ಮಾರ್ಕಿನ ಕಾರ್ಲ್ ವೆರ್ನರ್ 1877ರಲ್ಲಿ ಪ್ರಕಟವಾದ ಲೇಖನದಲ್ಲಿ ಉತ್ತರ ಕೊಟ್ಟ, ಅದೂ ವೇದದ ಸ್ವರಗಳ ನೆರವಿನಿಂದ. ಋಗ್ವೇದದಲ್ಲಿ ಭ್ರಾತೃ ಪದದ ಉದಾತ್ತ (ದನಿ ಏರಿಸಿ ಹೇಳುವ ಸ್ವರ) ಮೊದಲ ಅಕ್ಷರದ ಮೇಲೆ, ಅಂದರೆ ತಕಾರಕ್ಕೆ ಸ್ವಲ್ಪ ಮುಂಚೆ. ಪಿತೃ, ಶತಂ ಎರಡರಲ್ಲೂ ಅದರ ನಂತರ. ಉದಾತ್ತ ಮುಂಚೆ ಇದ್ದರೆ ಥ, ನಂತರ ಬಂದರೆ ದ. ಜರ್ಮನಿಕ್ ಭಾಷೆಗಳು ಕಳೆದುಕೊಂಡಿದ್ದ ಸ್ವರಸ್ಥಾನವನ್ನು ವೇದಪಾಠಿಗಳ ಬಾಯಿ ಕಾಪಾಡಿಟ್ಟಿತ್ತು. ಇಂದಿನ ಜರ್ಮನ್ನಿನಲ್ಲೂ ಈ ಭೇದ ಕಾಣುತ್ತದೆ: ಬ್ರೂಡರ್‌ನಲ್ಲಿ ಡ, ಫಾಟರ್ ಮತ್ತು ಮುಟರ್‌ನಲ್ಲಿ ಟ.

ಕ ಉಳಿಸಿಕೊಂಡವು ‘ಕೆಂತುಮ್’ ಭಾಷೆಗಳು, ಶ/ಸ ಮಾಡಿಕೊಂಡವು ‘ಸತೆಮ್’ ಭಾಷೆಗಳು ಎಂಬ ವಿಂಗಡಣೆ ಪಠ್ಯಗಳಲ್ಲಿ ಸಿಗುತ್ತದೆ. ಇದನ್ನು ಪಶ್ಚಿಮ–ಪೂರ್ವ ಎಂದು ಉರು ಹೊಡೆಯಬೇಡಿ. ಇಂದಿನ ಚೀನಾದ ಷಿನ್‌ಜಿಯಾಂಗ್‌ನಲ್ಲಿ ಹಸ್ತಪ್ರತಿಗಳು ಸಿಕ್ಕ ತೊಖಾರಿಯನ್ ಭಾಷೆಯಲ್ಲಿ ನೂರಕ್ಕೆ ಕಂತೆ. ಅಷ್ಟು ಪೂರ್ವದಲ್ಲಿದ್ದೂ ಕ ಉಳಿದಿದೆ. (ನಮ್ಮ ಕಾಗದದ ಕಂತೆಗೂ ಅದಕ್ಕೂ ನಂಟಿಲ್ಲ.)

ಕಿವಿಗೆ ಮೋಸವಾಗುವ ಜೋಡಿಗಳೂ ಬಹಳ. ದೇವರಿಗೆ ಲ್ಯಾಟಿನ್ನಿನಲ್ಲಿ ದೆಉಸ್, ಗ್ರೀಕಿನಲ್ಲಿ ಥೆಓಸ್. ಒಂದೇ ಎನಿಸುತ್ತವೆ, ಅಲ್ಲ. ದೆಉಸ್‌ಗೆ ನೆಂಟ ನಮಗೆ ಗೊತ್ತಿರುವ ‘ದೇವ’. ಹಾಗೆಯೇ ಕನ್ನಡದ ಎಂಟು ಮತ್ತು ಇಂಗ್ಲಿಷಿನ ಎಯ್ಟ್. ಎಯ್ಟ್‌ನ ಹಿಂದೆ ಹೋದರೆ ಲ್ಯಾಟಿನ್ನಿನ ಒಕ್ತೋ, ಸಂಸ್ಕೃತದ ಅಷ್ಟ ಸಿಗುತ್ತವೆ. ಎಂಟರ ಹಿಂದೆ ಹೋದರೆ ತಮಿಳಿನ ಎಟ್ಟು. ಹಿಂದಕ್ಕೆ ಹೋದಷ್ಟೂ ಎರಡೂ ದೂರವಾಗುತ್ತವೆ.

ನಮ್ಮ ನೂರು ಕೂಡ ಈ ಬಳಗದ್ದಲ್ಲ; ಅದರ ಒಡಹುಟ್ಟುಗಳು ತೆಲುಗಿನ ನೂರು, ತುಳುವಿನ ನೂದು. ಆದರೂ *ಕ್ಮ್‌ತೋಮ್‌ನ ಸಂತಾನ ಕನ್ನಡಕ್ಕೆ ಹಲವು ಬಾಗಿಲಿನಿಂದ ಬಂದಿದೆ. ಶತಮಾನ, ಶತಕಗಳಲ್ಲಿನ ಶತ ಸಂಸ್ಕೃತದಿಂದ, ಶೇಕಡಾ ಮರಾಠಿಯ ಕಡೆಯಿಂದ, ಪರ್ಸೆಂಟು, ಸೆಂಚುರಿ ಲ್ಯಾಟಿನ್ನಿನಿಂದ ಹೊರಟು ಇಂಗ್ಲಿಷಿನ ಮೂಲಕ. ಕರಾವಳಿಯಲ್ಲಿ ಜಾಗ ಅಳೆಯುವ ಸೆಂಟ್ಸ್ ಅಂದರೆ ಎಕರೆಯ ನೂರನೆಯ ಒಂದು ಪಾಲು. ಅದೂ ಇದೇ ಕೆಂತುಮ್.