ಗ್ರೂಪ್ ಥೆರಪಿಗೆ ಹೋದರೆ ಎಲ್ಲರೆದುರು ನನ್ನ ಕಥೆ ಹೇಳಲೇಬೇಕಾ?

ಪ್ರಶ್ನೆ: ಮದುವೆಯಾದ ಮೇಲೆ ವರ್ಷಗಟ್ಟಲೆ ಹೊಡೆತ, ಬೈಗುಳ ಸಹಿಸಿದೆ. ಈಗ ಹೊಸನಗರದ ಕಡೆ ತವರುಮನೆಯಲ್ಲಿದ್ದೇನೆ. ರಾತ್ರಿ ಬಾಗಿಲ ಸದ್ದಾದರೆ ಈಗಲೂ ಮೈ ನಡುಗುತ್ತದೆ. ಶಿವಮೊಗ್ಗದ ಡಾಕ್ಟರು ಮಾತ್ರೆಯ ಜೊತೆ ಗ್ರೂಪ್ ಥೆರಪಿಗೂ ಬನ್ನಿ ಎಂದಿದ್ದಾರೆ. ಏಳೆಂಟು ಜನರ ಎದುರು ಅದನ್ನೆಲ್ಲ ಹೇಳಬೇಕಾ? ಬೇರೆಯವರ ಕಷ್ಟ ಕೇಳಿ ನನ್ನದು ಇನ್ನೂ ಜಾಸ್ತಿ ಆಗಲ್ವಾ? ನಮ್ಮ ಕಡೆ ಒಬ್ಬರಿಗೆ ಗೊತ್ತಾದರೆ ಊರಿಗೇ ಗೊತ್ತಾದ ಹಾಗೆ.

ಉತ್ತರ: ಹೇಳಬೇಕಾಗಿಲ್ಲ. ಹೇಳಲೇಬೇಕು ಎಂದು ಯಾರಾದರೂ ಒತ್ತಾಯ ಮಾಡಿದರೆ, ಆ ಗುಂಪು ನಿಮಗೆ ಬೇಡ.

ಗ್ರೂಪ್ ಥೆರಪಿ ಅಂದರೆ ಸುತ್ತ ಕೂತು ಒಬ್ಬೊಬ್ಬರಾಗಿ ಆದದ್ದನ್ನು ಹೇಳಿ ಅಳುವುದು ಎಂಬ ಚಿತ್ರ ನಮ್ಮ ತಲೆಯಲ್ಲಿದೆ. ಸಿನಿಮಾಗಳ ಪ್ರಭಾವವೂ ಇರಬಹುದು. ನಿಜವಾದ ಗುಂಪಿನಲ್ಲಿ ಹೆಚ್ಚಿನ ಮಾತು ಈ ವಾರದ್ದೇ ಆಗಿರುತ್ತದೆ. ನಿದ್ದೆ ಬಂತಾ, ಯಾವ ಸದ್ದಿಗೆ ಬೆಚ್ಚಿದಿರಿ, ಮಗುವಿನ ಮೇಲೆ ಸುಮ್ನೆ ಕೂಗಾಡಿ ಆಮೇಲೆ ಏನನ್ನಿಸಿತು, ಅಣ್ಣ ಜೋರಾಗಿ ಮಾತಾಡಿದಾಗ ಅಲ್ಲಿಂದ ಎದ್ದು ಹೋಗಲು ಆಯಿತಾ. ಆವತ್ತು ಏನಾಯಿತು ಎನ್ನುವುದಕ್ಕಿಂತ, ಅದು ಇವತ್ತಿನ ದಿನವನ್ನು ಹೇಗೆ ಹಿಡಿದುಕೊಂಡಿದೆ ಎನ್ನುವುದೇ ಅಲ್ಲಿ ಮುಖ್ಯ.

ಇದು ನನ್ನೊಬ್ಬಳ ಅಭಿಪ್ರಾಯ ಅಲ್ಲ. ಅಮೆರಿಕದಲ್ಲಿ ವಿಯೆಟ್ನಾಂ ಯುದ್ಧದಿಂದ ಬಂದ 360 ಮಾಜಿ ಸೈನಿಕರನ್ನು ಎರಡು ಬಗೆಯ ಗುಂಪುಗಳಲ್ಲಿ ಕೂರಿಸಿ ನೋಡಿದರು. ಒಂದರಲ್ಲಿ ಯುದ್ಧದ ನೆನಪನ್ನೇ ಎತ್ತಿಕೊಂಡು ಮಾತು. ಇನ್ನೊಂದರಲ್ಲಿ ಆ ವಿಷಯ ಬಿಟ್ಟು ಈಗಿನ ಬದುಕಿನ ತೊಂದರೆಗಳ ಮಾತು. 2003ರಲ್ಲಿ ಫಲಿತಾಂಶ ಬಂತು. ಒಟ್ಟಾರೆ ನೋಡಿದರೆ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದರೆ ನೆನಪು ಕೆದಕುವ ಗುಂಪನ್ನು ಅರ್ಧದಲ್ಲೇ ಬಿಟ್ಟವರು ಜಾಸ್ತಿ. ಅವರು ಗಂಡಸರು, ಸೈನಿಕರು. ಅವರ ಲೆಕ್ಕವನ್ನು ಹಾಗೇ ನಿಮಗೆ ಹಚ್ಚಲು ಆಗುವುದಿಲ್ಲ, ಒಪ್ಪುತ್ತೇನೆ. ಆದರೂ ಎಲ್ಲ ಬಿಚ್ಚಿ ಹೇಳದೆ ವಾಸಿಯೇ ಆಗುವುದಿಲ್ಲ ಎಂಬ ನಂಬಿಕೆಗೆ ಅದು ಒಳ್ಳೆಯ ಉತ್ತರ.

ಹಾಗಂತ ನೆನಪಿನ ಕೆಲಸ ಬೇಡವೇ ಬೇಡ ಎಂದಲ್ಲ. ಅದಕ್ಕೆ ಥೆರಪಿಸ್ಟ್ ಜೊತೆ ಒಬ್ಬರೇ ಕೂತು ಮಾಡುವ ಚಿಕಿತ್ಸೆ ಇದೆ, ಅದರಿಂದ ಗುಣ ಆಗುತ್ತದೆ ಎಂಬುದಕ್ಕೆ ಗುಂಪಿಗಿಂತ ಹೆಚ್ಚು ಪುರಾವೆಯೂ ಇದೆ. ನೆನಪನ್ನೇ ಎತ್ತಿಕೊಳ್ಳುವ ಗುಂಪುಗಳೂ ಇವೆ. ಅಂಥವರು ಅದನ್ನು ಮೊದಲೇ ಹೇಳಿ, ತಯಾರಿ ಮಾಡಿಸಿ ಕರೆದುಕೊಳ್ಳಬೇಕು. ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲಿ ಚೇತರಿಕೆಯ ಮೂರು ಹಂತ ಹೇಳಿದರು: ಮೊದಲು ಸುರಕ್ಷತೆ, ಆಮೇಲೆ ನೆನಪು ಮತ್ತು ದುಃಖ, ಕೊನೆಗೆ ಮತ್ತೆ ಜನರ ಜೊತೆ ಬೆರೆಯುವುದು. ಮೊದಲನೆಯದು ಗಟ್ಟಿಯಾಗುವ ಮೊದಲೇ ಎರಡನೆಯದಕ್ಕೆ ಕೈ ಹಾಕಿದರೆ ತೊಂದರೆ. ಮೊದಲ ವಾರವೇ 'ಮನಸ್ಸು ಬಿಚ್ಚಿ ಅತ್ತುಬಿಡಿ' ಅನ್ನುವವರನ್ನು ಕಂಡರೆ ನನಗಂತೂ ಭಯ.

ದುರಂತ ಆದ ಕೂಡಲೇ ಎಲ್ಲರನ್ನೂ ಕೂರಿಸಿ ಹೇಳಿಸುವುದೂ ಹೀಗೆಯೇ. 2021ರ ಜನವರಿ 21ರ ರಾತ್ರಿ ಹುಣಸೋಡಿನಲ್ಲಿ ಸ್ಫೋಟಕ ಸಿಡಿದಾಗ ಶಿವಮೊಗ್ಗದ ಜನ ಭೂಕಂಪ ಎಂದು ಮನೆಯಿಂದ ಹೊರಗೆ ಓಡಿದ್ದು ನಿಮಗೂ ನೆನಪಿರಬಹುದು. ಅಂಥ ಹೊತ್ತಿನಲ್ಲಿ ಒಂದೇ ಸಲ ಕೂರಿಸಿ ಎಲ್ಲ ಹೇಳಿಸಿಬಿಟ್ಟರೆ ಮುಂದೆ ಮನೋರೋಗ ಬರುವುದಿಲ್ಲ ಎಂದು ಒಂದು ಕಾಲದಲ್ಲಿ ನಂಬಿದ್ದರು. ಪರೀಕ್ಷಿಸಿ ನೋಡಿದಾಗ ಉಪಯೋಗ ಕಾಣಲಿಲ್ಲ, ಕೆಲವರಿಗೆ ಇನ್ನೂ ಕೆಟ್ಟದಾಯಿತು. ವಿಶ್ವ ಆರೋಗ್ಯ ಸಂಸ್ಥೆಯೂ ಈಗ ಅದನ್ನು ಬೇಡ ಅನ್ನುತ್ತದೆ.

ನಿಮ್ಮ ಎರಡನೆಯ ಭಯಕ್ಕೆ ಬರೋಣ. ಬೇರೆಯವರ ಕಷ್ಟ ಕೇಳಿ ನಿಮ್ಮದು ಕೆದರಬಹುದು. ಹೌದು, ಅದು ಆಗುತ್ತದೆ. ಅದಕ್ಕೇ ಗುಂಪು ಶುರುವಾಗುವ ಮೊದಲು ಥೆರಪಿಸ್ಟ್ ಪ್ರತಿಯೊಬ್ಬರ ಜೊತೆ ಬೇರೆಯಾಗಿ ಮಾತಾಡಬೇಕು. ಜೀವ ತೆಗೆದುಕೊಳ್ಳುವ ಯೋಚನೆ ಬಲವಾಗಿದ್ದರೆ, ಕುಡಿತ ಹಿಡಿತ ತಪ್ಪಿದ್ದರೆ, ಹೊಡೆಯುವವರ ಜೊತೆಗೇ ಇನ್ನೂ ಇದ್ದರೆ, ಗುಂಪಿಗಿಂತ ಮೊದಲು ಆಗಬೇಕಾದ ಕೆಲಸ ಬೇರೆ ಇದೆ. ಗುಂಪಿನಲ್ಲಿ ಸಾಮಾನ್ಯವಾಗಿ ಆರರಿಂದ ಹತ್ತು ಜನ, ವಾರಕ್ಕೊಮ್ಮೆ ಒಂದೂವರೆ ಗಂಟೆ. ಇಬ್ಬರು ಥೆರಪಿಸ್ಟ್‌ಗಳಿದ್ದರೆ ತುಂಬಾ ಒಳ್ಳೆಯದು. ಒಬ್ಬರು ಮಾತು ನಡೆಸುವಾಗ ಇನ್ನೊಬ್ಬರು ಮುಖಗಳನ್ನು ನೋಡುತ್ತಿರುತ್ತಾರೆ. ಕಣ್ಣು ತೆರೆದಿದೆ, ಆದರೆ ಆಳು ಅಲ್ಲಿಲ್ಲ ಎಂಬಂತೆ ಯಾರಾದರೂ ಕೂತಿದ್ದರೆ ಅವರು ಮಾತು ನಿಲ್ಲಿಸುತ್ತಾರೆ. ಪಾದ ನೆಲಕ್ಕೆ ಒತ್ತಿ, ಈ ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಹೇಳಿ ಎನ್ನುತ್ತಾರೆ. ಕೇಳಲು ಮಕ್ಕಳಾಟದ ಹಾಗಿದೆ, ಅಲ್ವಾ? ಆ ಹೊತ್ತಿಗೆ ಅದೇ ಬೇಕಾಗುತ್ತದೆ. ಒಬ್ಬರು ವಿವರ ವಿವರವಾಗಿ ಹೇಳಲು ಹೊರಟಾಗ ಮೆಲ್ಲಗೆ ತಡೆಯುವುದೂ ಥೆರಪಿಸ್ಟ್ ಕೆಲಸವೇ.

ನಮ್ಮ ಕಡೆಯ ಥೆರಪಿಸ್ಟ್‌ಗಳಿಗೆ ಇಲ್ಲಿನ ಸದ್ದುಗಳೂ ಗೊತ್ತಿರಬೇಕು. ತೋಟದಲ್ಲಿ ಮಂಗ ಓಡಿಸಲು ಹೊಡೆಯುವ ಪಟಾಕಿ ಸ್ಫೋಟ ಕಂಡವರಿಗೆ ಬರೀ ಪಟಾಕಿ ಅಲ್ಲ. ಗುಡ್ಡ ಕುಸಿದು ಮನೆ ಕಳೆದುಕೊಂಡವರಿಗೆ ಹಂಚಿನ ಮೇಲೆ ರಾತ್ರಿಯಿಡೀ ಸುರಿಯುವ ಆಷಾಢದ ಮಳೆಯೇ ಸಾಕು. ಅಂಥವರಿರುವ ಗುಂಪಿಗೆ ಜೂನ್‌ಗೆ ಮೊದಲೇ ಆ ತಯಾರಿ ಆಗಬೇಕು.

ಇಷ್ಟೆಲ್ಲ ರಗಳೆ ಇದ್ದರೂ ಗುಂಪು ಯಾಕೆ? ನಾಚಿಕೆಗೆ. 'ನನ್ನಲ್ಲೇ ಏನೋ ತಪ್ಪಿರಬೇಕು' ಎಂಬ ಮಾತನ್ನು ಡಾಕ್ಟರು ನೂರು ಸಲ ಅಲ್ಲಗಳೆದರೂ ಅದು ಹೋಗುವುದಿಲ್ಲ. ಎದುರು ಕೂತವಳು ಅದೇ ಮಾತು ಹೇಳಿದಾಗ ನೀವೇ 'ಛೆ, ನಿಮ್ಮದೇನು ತಪ್ಪು' ಅನ್ನುತ್ತೀರಿ. ಆ ಮಾತು ತಿರುಗಿ ನಿಮಗೂ ಬಂದು ತಾಗುತ್ತದೆ. ಇನ್ನೊಂದು ಲಾಭ, 'ಇವತ್ತು ನನಗೆ ಮಾತು ಬೇಡ' ಎಂದು ಬಾಯಿಬಿಟ್ಟು ಹೇಳಿ ನೋಡುವುದು. ವರ್ಷಗಟ್ಟಲೆ ಬೇಡ ಎಂದದ್ದಕ್ಕೆ ಹೊಡೆತ ತಿಂದವರಿಗೆ, ಏಳು ಜನ ಆ ಮಾತನ್ನು ಸುಮ್ನೆ ಒಪ್ಪಿಕೊಳ್ಳುವುದು ಸಣ್ಣ ಸಂಗತಿಯಲ್ಲ. ಇದು ಒಬ್ಬರೇ ಕೂತು ಮಾಡುವ ಚಿಕಿತ್ಸೆಯಲ್ಲಿ ಸಿಗುವುದು ಕಷ್ಟ. ಒಂದು ಎಚ್ಚರಿಕೆ: 'ಅವರ ಕಷ್ಟದ ಮುಂದೆ ನನ್ನದೇನೂ ಅಲ್ಲ' ಎಂಬ ಹೋಲಿಕೆ ಬೇಗ ಶುರುವಾಗುತ್ತದೆ. ಬಂದರೆ ಅದನ್ನೇ ಗುಂಪಿನಲ್ಲಿ ಹೇಳಿ.

ಇನ್ನು ಊರಿಗೆ ಗೊತ್ತಾಗುವ ಮಾತು. ನಿಮ್ಮ ಮೂರು ಭಯಗಳಲ್ಲಿ ನನಗೆ ಅತಿ ನ್ಯಾಯ ಅನ್ನಿಸಿದ್ದು ಇದು. ಅಡಿಕೆ ಸುಲಿಯುವ ಕಡೆ ಕೂತಾಗಲೂ ಹೀಗೇ ಮಾತು ಒಬ್ಬರಿಂದ ಒಬ್ಬರಿಗೆ ಹರಿಯುತ್ತದೆ, ಮನಸ್ಸೂ ಹಗುರ ಆಗುತ್ತದೆ. ಆದರೆ ಅಲ್ಲಿ ಹೇಳಿದ್ದು ಬೆಳಗಾಗುವುದರೊಳಗೆ ಕೇರಿ ದಾಟಿರುತ್ತದೆ. ಗುಂಪಿನಲ್ಲಿ ಹಾಗಾಗಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಮ್ಮ ಚಿಕಿತ್ಸೆಯ ವಿಷಯ ಗುಟ್ಟಾಗಿಡುವ ಹೊಣೆಯನ್ನು ಚಿಕಿತ್ಸೆ ಕೊಡುವವರ ಮೇಲೆ ಹಾಕಿದೆ. ಯಾರದಾದರೂ ಜೀವಕ್ಕೆ ಅಪಾಯ ಇದ್ದರೆ, ಕೋರ್ಟ್ ಆದೇಶ ಇದ್ದರೆ, ಹೀಗೆ ಕಾಯ್ದೆಯೇ ಹೇಳಿದ ಕೆಲವು ಸಂದರ್ಭಗಳಲ್ಲಿ ಮಾತ್ರ ಅದನ್ನು ಮೀರಬಹುದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಆದರೆ ಪಕ್ಕದಲ್ಲಿ ಕೂತ ಸದಸ್ಯರನ್ನು ಕಟ್ಟಿಹಾಕುವುದು ಅವರು ಕೊಟ್ಟ ಮಾತು ಮಾತ್ರ. ಇದನ್ನು ಮುಚ್ಚಿಟ್ಟು ಧೈರ್ಯ ಹೇಳುವುದು ಸರಿಯಲ್ಲ.

ಹಾಗಾಗಿ ಮಲೆನಾಡಿನ ಗುಂಪಿಗೆ ಒಂದೆರಡು ಕಟ್ಟಳೆ ಜಾಸ್ತಿಯೇ ಇರಲಿ. ನಾವು ಹೊಸಬರನ್ನು ಮೊದಲು ಕೇಳುವುದೇ 'ಯಾವ ಊರು, ಯಾರ ಮನೆ' ಎಂದು. ಗುಂಪಿನಲ್ಲಿ ಆ ಪ್ರಶ್ನೆ ಬೇಡ. ಊರು, ಮನೆತನ, ಗಂಡನ ಹೆಸರು ಯಾವುದೂ ಬೇಕಿಲ್ಲ. ಸೇರುವ ಮೊದಲೇ ಥೆರಪಿಸ್ಟ್‌ಗೆ ನಿಮ್ಮ ತವರು, ಗಂಡನ ಮನೆ ಯಾವುದು ಎಂದು ಹೇಳಿ, ನೆಂಟರೋ ಆ ಕಡೆಯವರೋ ಗುಂಪಿನಲ್ಲಿ ಇದ್ದಾರಾ ನೋಡಲು ಕೇಳಿ. ಹೆಸರು ಅವರು ಹೇಳುವಂತಿಲ್ಲ, ನಿಮ್ಮನ್ನು ಬೇರೆ ಗುಂಪಿಗೆ ಹಾಕಬಹುದು. ಮದುವೆ ಮನೆಯಲ್ಲೋ ಬಸ್ ಸ್ಟ್ಯಾಂಡಲ್ಲೋ ಎದುರಾದರೆ ಮಾತಾಡಿಸಬೇಕಾ ಬೇಡವಾ ಎಂಬುದನ್ನೂ ಮೊದಲ ದಿನವೇ ತೀರ್ಮಾನ ಮಾಡಿಕೊಳ್ಳಿ. ಬರೀ ಹೆಂಗಸರ ಗುಂಪೇ ಬೇಕು ಎಂದು ಕೇಳಲು ಸಂಕೋಚ ಬೇಡ.

ಒಂದೆರಡು ಸಲ ಹೋಗಿ ಆಗಲ್ಲ ಅನ್ನಿಸಿದರೆ ಬಿಡಬಹುದು. ಥೆರಪಿಸ್ಟ್‌ಗೆ ಒಂದು ಮಾತು ಹೇಳಿ ಬಿಡಿ, ಒಬ್ಬರೇ ಕೂರುವ ಚಿಕಿತ್ಸೆಗೆ ದಾರಿ ಮಾಡಿಕೊಡುತ್ತಾರೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲೂ ವಿಚಾರಿಸಿ. ಮಳೆಗೆ ಬಸ್ಸಿಲ್ಲದ ದಿನ, ರಾತ್ರಿ ನಿದ್ದೆ ಹತ್ತದ ದಿನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಗಂಡ ಮತ್ತೆ ಬಂದು ಗಲಾಟೆ ಮಾಡಿದರೆ ಮಾತ್ರ ಇದ್ಯಾವುದಕ್ಕೂ ಕಾಯಬೇಡಿ. ಹೆಣ್ಣುಮಕ್ಕಳ ಸಹಾಯವಾಣಿ 181, ಪೊಲೀಸರಿಗೆ 112.